ಹಳೆಯ ವ್ಯಂಗ್ಯಚಿತ್ರವೋ, ಹಳೆಯ ಅನಿಮೇಷನ್ನೋ: ಚಿತ್ರ ಬರೆಯುವವರು ಅಭ್ಯಾಸಕ್ಕೆ ಯಾವುದನ್ನು ಆರಿಸಿಕೊಳ್ಳಬೇಕು?

ಚಿತ್ರಕಲೆಯನ್ನು ಒಂದು ಹಂತದವರೆಗೆ ಕಲಿತವರಿಗೆ ಒಂದು ದಿನ ಈ ಕಷ್ಟ ಎದುರಾಗುತ್ತದೆ. ಕೈ ಓಡುತ್ತದೆ, ಬರೆದ ಮುಖ ಹೋಲುತ್ತದೆ, ಆದರೆ ಹಾಳೆಯ ಮೇಲೆ ಜೀವವಿರುವುದಿಲ್ಲ. ಆಗ ಬಲ್ಲವರು ಹೇಳುವ ಮಾತು ಒಂದೇ: ಹಳೆಯವರನ್ನು ನೋಡು. ಯಾವ ಹಳೆಯವರನ್ನು? ಹದಿನೆಂಟನೆಯ ಶತಮಾನದ ತಾಮ್ರದಚ್ಚಿನ ವ್ಯಂಗ್ಯಚಿತ್ರಗಳಿಂದ ಹಿಡಿದು ಇಪ್ಪತ್ತನೆಯ ಶತಮಾನದ ಅನಿಮೇಷನ್ ಕಿರುಚಿತ್ರಗಳವರೆಗೆ ಇನ್ನೂರೈವತ್ತು ವರ್ಷಗಳ ರಾಶಿ ಎದುರಿಗಿದೆ. ಅದರಲ್ಲಿ ದೊಡ್ಡ ಪಾಲು ಇಂದು ಮನೆಯಲ್ಲೇ ಕುಳಿತು ನೋಡಲು ಸಿಗುತ್ತದೆ. ಸಿಗದಿದ್ದ ಕಾಲದಲ್ಲಿ ಕೈಗೆ ಬಂದ ಪುಸ್ತಕವೇ ಗುರುವಾಗುತ್ತಿತ್ತು. ಈಗ ಎಲ್ಲವೂ ಇರುವುದರಿಂದಲೇ ಎಲ್ಲಿಂದ ತೊಡಗಬೇಕೆಂದು ತೋಚುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಿಗೆ ಇಷ್ಟವಾದದ್ದನ್ನು ಅಭ್ಯಾಸಕ್ಕೆ ಆರಿಸಿಕೊಳ್ಳಬೇಡಿ, ಕೈಗೆ ಒಲಿಯದೆ ಇರುವುದನ್ನು ಆರಿಸಿಕೊಳ್ಳಿ. ನಾನು ಒಂದು ವರ್ಷವಿಡೀ ಇಂಗ್ಲೆಂಡಿನ ಹಳೆಯ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇಯ ಗೆರೆಜಾಲವನ್ನು, ಅಂದರೆ ನೆರಳಿಗಾಗಿ ಒತ್ತೊತ್ತಾಗಿ ಹೆಣೆದ ಗೆರೆಗಳನ್ನು, ನಕಲು ಮಾಡುತ್ತ ಕಳೆದೆ. ಮೊದಲೇ ಕಿಕ್ಕಿರಿದಿದ್ದ ನನ್ನ ಚಿತ್ರಗಳು ಇನ್ನಷ್ಟು ಕಿಕ್ಕಿರಿದವು. ಆಗ ನನಗೆ ಬೇಕಾಗಿದ್ದದ್ದು ಗೆರೆ ಸೇರಿಸುವುದನ್ನು ಕಲಿಸುವ ಗುರುವಲ್ಲ, ತೆಗೆಯುವುದನ್ನು ಕಲಿಸುವ ಗುರು. ಅಂಥವರು ಬೇಕಾದಷ್ಟು ಜನ ಇದ್ದರು. ಇಷ್ಟವಾದವರ ಬಳಿಯೇ ಕುಳಿತಿದ್ದ ನಾನು ಅತ್ತ ತಿರುಗಿ ನೋಡಿರಲಿಲ್ಲ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯದು, ಅದು ಕಲಿಸುವುದೇನು ಎಂಬುದು. ಮುದ್ರಿತ ವ್ಯಂಗ್ಯಚಿತ್ರಕ್ಕೆ ಸಿಗುವುದು ಒಂದೇ ಕ್ಷಣ. ಹಿಂದೆ ಏನಾಯಿತು, ಮುಂದೆ ಏನಾಗಲಿದೆ ಎಂಬುದೆಲ್ಲ ಆ ಒಂದು ಕ್ಷಣದೊಳಗೆ ಹಿಡಿಸಬೇಕು. ಹಾಗಾಗಿ ಅದು ಆಯ್ಕೆಯ ವಿದ್ಯೆ: ಯಾವ ಕ್ಷಣ, ಯಾವ ಭಂಗಿ, ಯಾವ ವಸ್ತು. ಅನಿಮೇಷನ್ ಆ ಕ್ಷಣವನ್ನು ಮುಟ್ಟುವ ದಾರಿಯನ್ನೂ ಅಲ್ಲಿಂದ ಹೊರಡುವ ದಾರಿಯನ್ನೂ ಕಲಿಸುತ್ತದೆ. ಭಾರ, ವೇಗ, ತಡೆದು ನಿಲ್ಲುವುದು, ಒಮ್ಮೆಲೇ ಚಿಮ್ಮುವುದು ಅದರ ಪಾಠಗಳು. ನಿಮ್ಮ ಚಿತ್ರದಲ್ಲಿ ಮನುಷ್ಯರು ಗೊಂಬೆಗಳಂತೆ ನಿಂತಿದ್ದರೆ ಅನಿಮೇಷನ್ನಿನ ಕಡೆ ಹೋಗಿ. ಮನುಷ್ಯರು ಚೆನ್ನಾಗಿದ್ದೂ ಚಿತ್ರ ಏನನ್ನೂ ಹೇಳುತ್ತಿಲ್ಲವೆಂದರೆ ವ್ಯಂಗ್ಯಚಿತ್ರದ ಕಡೆ ಹೋಗಿ.

ಎರಡನೆಯದು, ಹಿನ್ನೆಲೆಯ ಜ್ಞಾನ ಎಷ್ಟು ಬೇಕು ಎಂಬುದು. 1790ರ ದಶಕದ ಒಂದು ರಾಜಕೀಯ ಚಿತ್ರದಲ್ಲಿ ಹತ್ತು ಮಂದಿ ಮಂತ್ರಿಗಳಿದ್ದರೆ, ಅವರು ಯಾರೆಂದು ತಿಳಿಯುವಷ್ಟರಲ್ಲಿ ಸಂಜೆ ಕಳೆದಿರುತ್ತದೆ.

ಮೂರನೆಯದು, ಅದು ನಿಮಗೆ ಯಾವ ರೂಪದಲ್ಲಿ ಸಿಗುತ್ತದೆ ಎಂಬುದು. ಇದನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡು ಅಡಿ ಅಗಲದ ಅಚ್ಚನ್ನು ಅಂಗೈಯಗಲದ ಪರದೆಯಲ್ಲಿ ನೋಡಿದರೆ ಗೆರೆಗಳು ಬೂದು ಬಣ್ಣದ ಮಬ್ಬಾಗಿಬಿಡುತ್ತವೆ. ಹಳೆಯ ಅನಿಮೇಷನ್ನಿನ ಕಳಪೆ ಪ್ರತಿಯಲ್ಲಿ ಒಂದು ಫ್ರೇಮು (ಫಿಲ್ಮಿನ ಒಂದು ಬಿಡಿ ಚಿತ್ರ) ಮತ್ತೊಂದರೊಳಗೆ ಕಲಸಿಹೋಗಿರುತ್ತದೆ.

ನಾಲ್ಕನೆಯದು ಸಮಯ. ಒಂದು ಅಚ್ಚನ್ನು ಅರ್ಧ ಗಂಟೆಯಲ್ಲಿ ಅಭ್ಯಾಸ ಮಾಡಬಹುದು. ಸ್ಟುಡಿಯೋಗಳ ಉಚ್ಛ್ರಾಯ ಕಾಲದ ಏಳು ನಿಮಿಷದ ಕಿರುಚಿತ್ರವೊಂದರಲ್ಲಿ, ಸೆಕೆಂಡಿಗೆ 24ರಂತೆ, ಹತ್ತು ಸಾವಿರಕ್ಕೂ ಹೆಚ್ಚು ಫ್ರೇಮುಗಳಿರುತ್ತವೆ. ಅದರಲ್ಲಿ ಮೂರು ಸೆಕೆಂಡನ್ನು ಸರಿಯಾಗಿ ಬಿಡಿಸಿ ನೋಡಲು ಒಂದು ವಾರ ಬೇಕಾದೀತು.

ಕೊನೆಯದು, ಅಂಟಿಕೊಳ್ಳುವ ಅಪಾಯ. ಕೆಲವರ ಶೈಲಿ ಅವರ ಯೋಚನೆಗಿಂತ ಬೇಗ ಕೈಗೆ ಬರುತ್ತದೆ. ಮೂರು ಬೆರಳಿನ ಬಿಳಿ ಕೈಗವಸು, ರಬ್ಬರಿನಂತೆ ಬಳುಕುವ ತೋಳುಗಳನ್ನು ಯಾರು ಬೇಕಾದರೂ ಒಂದೇ ವಾರದಲ್ಲಿ ಕಲಿಯಬಹುದು. ಅವನ್ನು ಬಿಡಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ.

ತಾಮ್ರದಚ್ಚಿನ ಕಾಲ: ಹೊಗಾರ್ತ್, ಗಿಲ್‌ರೇ

ವಿಲಿಯಂ ಹೊಗಾರ್ತ್ 1751ರಲ್ಲಿ ಜೋಡಿಯಾಗಿ ಹೊರತಂದ ಎರಡು ಚಿತ್ರಗಳಿವೆ: ಜಿನ್ ಕುಡಿದು ಹಾಳಾದ ಬೀದಿ ಮತ್ತು ಬಿಯರ್ ಕುಡಿದು ಸುಖವಾಗಿರುವ ಬೀದಿ. ಮೊದಲನೆಯದರ ನಡುವೆ ಅಮಲೇರಿದ ತಾಯಿ ಮೆಟ್ಟಿಲ ಮೇಲೆ ಕುಳಿತಿದ್ದಾಳೆ, ಅವಳ ಮಡಿಲಿನಿಂದ ಮಗು ಜಾರಿ ಕೆಳಗೆ ಬೀಳುತ್ತಿದೆ. ಹಿಂದೆ ಮನೆಗಳು ಕುಸಿಯುತ್ತಿವೆ, ಗಿರವಿ ಅಂಗಡಿಯವನ ವ್ಯಾಪಾರ ಮಾತ್ರ ಜೋರಾಗಿದೆ. ಎರಡನೆಯ ಚಿತ್ರದಲ್ಲಿ ಎಲ್ಲರೂ ದುಂಡುದುಂಡಾಗಿದ್ದಾರೆ, ಪಾಳು ಬಿದ್ದಿರುವುದು ಗಿರವಿ ಅಂಗಡಿಯೊಂದೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೊಂದು ಮೂಲೆಯೂ ಇನ್ನೊಂದಕ್ಕೆ ಉತ್ತರ ಕೊಡುತ್ತಿರುವುದು ಕಾಣುತ್ತದೆ. ಕಣ್ಣು ಎಲ್ಲಿ ಇಳಿಯಬೇಕು, ಅಲ್ಲಿಂದ ಎಲ್ಲಿಗೆ ಹೋಗಬೇಕು, ಯಾವುದು ಕೊನೆಗೆ ಸಿಗಬೇಕು ಎಂಬುದನ್ನು ಹೊಗಾರ್ತ್ ನಾಟಕದ ರಂಗಸಜ್ಜಿಕೆಯಂತೆ ಜೋಡಿಸುತ್ತಾನೆ. ಈ ಜೋಡಿಗೆ ಇತಿಹಾಸದ ಟಿಪ್ಪಣಿ ಹೆಚ್ಚೇನೂ ಬೇಡ.

ಗಿಲ್‌ರೇಯ ಮಾತು ಬೇರೆ. ಅವನ ಬಹುಪಾಲು ಚಿತ್ರಗಳು ಆ ವಾರದ ಸುದ್ದಿಗೆ ಕಟ್ಟುಬಿದ್ದವು. ಆದರೂ 1805ರ ಒಂದು ಚಿತ್ರವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ನೋಡಲೇಬೇಕು. ಊಟದ ಮೇಜಿನ ಮೇಲೆ ಭೂಗೋಳವೇ ಒಂದು ಭಕ್ಷ್ಯವಾಗಿ ಕುಳಿತಿದೆ. ಒಂದು ಕಡೆ ಉದ್ದನೆಯ, ಕಡ್ಡಿಯಂಥ ಬ್ರಿಟಿಷ್ ಪ್ರಧಾನಿ ಪಿಟ್, ಇನ್ನೊಂದು ಕಡೆ ಕುಳ್ಳ ನೆಪೋಲಿಯನ್. ಇಬ್ಬರೂ ಕತ್ತಿ ಹಿಡಿದು ಲೋಕವನ್ನು ಕೊಯ್ದುಕೊಳ್ಳುತ್ತಿದ್ದಾರೆ. ಎರಡು ದೇಹ, ಒಂದು ಮೇಜು, ಒಂದು ಉಂಡೆ, ಅಷ್ಟೇ. ಅಷ್ಟೊಂದು ಗೆರೆ ಎಳೆಯಬಲ್ಲವನು ಇಲ್ಲಿ ಎಷ್ಟು ಕಡಿಮೆ ವಸ್ತುಗಳಿಗೆ ತೃಪ್ತನಾಗಿದ್ದಾನೆ ನೋಡಿ. ಗೆರೆಜಾಲ ನಕಲು ಮಾಡುವ ಬದಲು ಇದನ್ನು ಕಂಡಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಸಂಯೋಜನೆಯಲ್ಲಿ ಸೋಲುವವರಿಗೆ, ಒಂದೇ ಹಾಳೆಯಲ್ಲಿ ಹಲವು ಪಾತ್ರಗಳನ್ನು ನಿಲ್ಲಿಸಬೇಕಾದ ಪುಸ್ತಕ ಚಿತ್ರಕಾರರಿಗೆ, ಕಾಮಿಕ್ಸ್ ಬರೆಯುವವರಿಗೆ ಈ ಕಾಲ ಒಳ್ಳೆಯದು. ಮೊಬೈಲಿನಲ್ಲಿ ಮಾತ್ರ ನೋಡಬಲ್ಲವರಿಗೆ ಅಷ್ಟು ಒಗ್ಗುವುದಿಲ್ಲ. ನೆರಳು ಬೆಳಕಿನ ಹಂಬಲವಿರುವವರು ಇದೇ ಕಾಲದ ಕೊನೆಯಲ್ಲಿ, 1799ರಲ್ಲಿ, ಸ್ಪೇನಿನ ಗೋಯ ಪ್ರಕಟಿಸಿದ 80 ಅಚ್ಚುಗಳ ಮಾಲಿಕೆಗೆ ಹೋಗಬಹುದು. ಅಲ್ಲಿ ಗೆರೆಗಿಂತ ಕತ್ತಲೆಯೇ ಮಾತನಾಡುತ್ತದೆ.

ಕಲ್ಲಚ್ಚು: ದೋಮಿಯೆ

ಈ ಇಡೀ ರಾಶಿಯಲ್ಲಿ ಒಬ್ಬನನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಯೋಚಿಸದೆ ಫ್ರಾನ್ಸಿನ ಓನರೆ ದೋಮಿಯೆಯ ಹೆಸರು ಹೇಳುತ್ತೇನೆ. 1808ರಲ್ಲಿ ಹುಟ್ಟಿ 1879ರಲ್ಲಿ ತೀರಿಕೊಂಡ ಈತ ಸುಮಾರು ನಾಲ್ಕು ಸಾವಿರ ಕಲ್ಲಚ್ಚುಗಳನ್ನು ಬರೆದ. ದೊರೆ ಲೂಯಿ ಫಿಲಿಪ್‌ನನ್ನು, ಜನರ ಗಂಟನ್ನು ನುಂಗುವ ಹೊಟ್ಟೆಬಾಕ ದೈತ್ಯನಾಗಿ 1831ರಲ್ಲಿ ಚಿತ್ರಿಸಿದ್ದಕ್ಕೆ ಆರು ತಿಂಗಳ ಜೈಲುಶಿಕ್ಷೆ ಅನುಭವಿಸಿದ.

ಅವನನ್ನು ಮೊದಲಿಗೆ ಇಡಲು ನನಗೆ ಮೂರು ಕಾರಣಗಳಿವೆ. ಒಂದು, ಕಲ್ಲಚ್ಚಿನ ಗುಣ. ತಾಮ್ರದ ತಗಡಿನಲ್ಲಿ ಸೂಜಿಯಿಂದ ಕೊರೆಯಬೇಕು, ಆಮ್ಲದಲ್ಲಿ ಅದ್ದಬೇಕು. ಮರದಚ್ಚಿನಲ್ಲಿ ಕಲಾವಿದ ಬರೆದದ್ದನ್ನು ಬೇರೊಬ್ಬ ಕೆತ್ತುತ್ತಾನೆ. ಕಲ್ಲಚ್ಚಿನಲ್ಲಾದರೋ ಜಿಡ್ಡಿನ ಬಳಪದಿಂದ ನಯವಾದ ಕಲ್ಲಿನ ಮೇಲೆ ನೇರವಾಗಿ ಬರೆದುಬಿಡುತ್ತಾರೆ. ಜಿಡ್ಡಿದ್ದ ಕಡೆ ಮಸಿ ಹಿಡಿಯುತ್ತದೆ, ಒದ್ದೆ ಇದ್ದ ಕಡೆ ಹಿಡಿಯುವುದಿಲ್ಲ. ಕೈ ಒತ್ತಿದ್ದು, ತೇಲಿಸಿದ್ದು, ತಡವರಿಸಿದ್ದು ಎಲ್ಲವೂ ಎಡಬಲ ಅದಲುಬದಲಾಗಿ ಹಾಗೆಯೇ ಅಚ್ಚಾಗುತ್ತದೆ. ನೀವು ನೋಡುತ್ತಿರುವುದು ದೋಮಿಯೆಯ ಕೈಯನ್ನೇ. ಸಾಧಾರಣ ಪೆನ್ಸಿಲ್ಲು, ಇದ್ದಿಲು ಹಿಡಿದು ಅದನ್ನು ಹಿಂಬಾಲಿಸಬಹುದು.

ಎರಡನೆಯದು, ಅವನು ಮುಖಗಳನ್ನು ಕಲಿತ ಬಗೆ. ಸಂಸತ್ತಿನ ಸದಸ್ಯರ ಪುಟ್ಟ ತಲೆಗಳನ್ನು ಅವನು ಹಸಿ ಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚಿದ. ಅವುಗಳಲ್ಲಿ 36 ಇಂದಿಗೂ ಪ್ಯಾರಿಸ್ಸಿನ ಒರ್ಸೆ ಸಂಗ್ರಹಾಲಯದಲ್ಲಿವೆ. ಆ ತಲೆಗಳ ಚಿತ್ರಗಳನ್ನು ಅವನ ಅಚ್ಚುಗಳ ಪಕ್ಕದಲ್ಲಿಟ್ಟು ನೋಡಿ. ಮೂಗು ಎಲ್ಲಿ ಹೊರಡುತ್ತದೆ, ಗದ್ದ ಎಲ್ಲಿ ಕುತ್ತಿಗೆಯೊಳಗೆ ಮುಳುಗುತ್ತದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಅದರಿಂದಲೇ ಅವನ ಉತ್ಪ್ರೇಕ್ಷೆ ಎಷ್ಟು ಜಗ್ಗಿದರೂ ಮುಖ ಮುರಿಯುವುದಿಲ್ಲ. ಬರೀ ಫೋಟೋ ನೋಡಿ ವ್ಯಕ್ತಿಚಿತ್ರ ಮಾಡುವವರು ಒಮ್ಮೆ ಹಿಡಿ ಜೇಡಿಮಣ್ಣಿನಲ್ಲಿ ಒಂದು ತಲೆ ಮಾಡಿ, ಅದನ್ನು ಮೂರು ಕೋನಗಳಿಂದ ಬರೆದು ನೋಡಿ. ಮೂಗನ್ನು ದೊಡ್ಡದು ಮಾಡುವುದಕ್ಕೂ ಮೂಗಿನ ಸುತ್ತ ಇಡೀ ತಲೆಯನ್ನು ಮತ್ತೆ ಕಟ್ಟುವುದಕ್ಕೂ ಇರುವ ಅಂತರ ಅಂದೇ ತಿಳಿಯುತ್ತದೆ.

ಮೂರನೆಯ ಕಾರಣ ನಮ್ಮಂಥ ದೂರದ ಓದುಗರಿಗೆ ಅನುಕೂಲವಾದದ್ದು. 1835ರಲ್ಲಿ ಫ್ರಾನ್ಸಿನ ಸರ್ಕಾರ ಕಾನೂನು ತಂದು ರಾಜಕೀಯ ವ್ಯಂಗ್ಯಚಿತ್ರಗಳ ಬಾಯಿ ಕಟ್ಟಿತು. ದೋಮಿಯೆ ವಕೀಲರ ಕಡೆ, ಮನೆ ಮಾಲೀಕರ ಕಡೆ, ನಾಟಕ ನೋಡಲು ಬಂದವರ ಕಡೆ, ರೈಲಿನಲ್ಲಿ ಇಕ್ಕಟ್ಟಾಗಿ ಕುಳಿತವರ ಕಡೆ ತಿರುಗಿದ. ತೋಳು ಬೀಸಿ ವಾದಿಸುವ ವಕೀಲನನ್ನು ನೋಡಿ ನಗಲು ಯಾವ ಮಂತ್ರಿಯ ಹೆಸರೂ ಗೊತ್ತಿರಬೇಕಾಗಿಲ್ಲ. ಆ ಕಪ್ಪು ನಿಲುವಂಗಿಗಳನ್ನು ಅವನು ಎಷ್ಟು ಬಗೆಯಲ್ಲಿ ಬರೆದಿದ್ದಾನೆಂದರೆ, ಮುಖವನ್ನು ಬೆರಳಿನಿಂದ ಮುಚ್ಚಿದರೂ ಒಬ್ಬನ ಸೊಕ್ಕು, ಇನ್ನೊಬ್ಬನ ಬೇಸರ ಬೆನ್ನಿನಿಂದಲೇ ತಿಳಿಯುತ್ತದೆ.

ಅವನ ಪತ್ರಿಕೆಯ ಯಜಮಾನ ಶಾರ್ಲ್ ಫಿಲಿಪೋನ್‌ನ ಒಂದು ಚಿತ್ರವನ್ನೂ ಇಲ್ಲೇ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. 1831ರಲ್ಲಿ ನ್ಯಾಯಾಲಯದಲ್ಲಿ ತನ್ನನ್ನು ಸಮರ್ಥಿಸಿಕೊಳ್ಳುತ್ತ ಅವನು ದೊರೆಯ ತಲೆಯನ್ನು ನಾಲ್ಕು ಹೆಜ್ಜೆಗಳಲ್ಲಿ ಪೇರು (ಪಿಯರ್) ಹಣ್ಣಾಗಿ ಬದಲಿಸಿ ತೋರಿಸಿದ. ಮೊದಲನೆಯದು ದೊರೆ, ನಾಲ್ಕನೆಯದು ಬರೀ ಹಣ್ಣು. ಎಲ್ಲಿಂದ ಅಪರಾಧ ಶುರುವಾಯಿತು ಹೇಳಿ, ಎಂಬುದು ಅವನ ವಾದ. ಚಲನಚಿತ್ರ ಹುಟ್ಟುವುದಕ್ಕೆ ಅರವತ್ತು ವರ್ಷ ಮೊದಲು ಬರೆದ ಈ ನಾಲ್ಕು ಚಿತ್ರಗಳಲ್ಲಿ ಅನಿಮೇಷನ್ನಿನ ಬೀಜವಿದೆ.

ದೋಮಿಯೆಯಲ್ಲಿ ಕೊರತೆಯೇ ಇಲ್ಲವೆನ್ನಲಾರೆ. ಬಣ್ಣ ಕಲಿಯಬೇಕೆಂದರೆ ಅವನ ಕಲ್ಲಚ್ಚುಗಳು ಕೆಲಸಕ್ಕೆ ಬಾರವು. ತೆಳುವಾದ, ಸ್ವಚ್ಛವಾದ ಹೊರಗೆರೆ ಬೇಕೆಂದವರೂ ಬೇರೆ ಕಡೆ ಹೋಗಬೇಕು.

ವಾರಪತ್ರಿಕೆ, ದಿನಪತ್ರಿಕೆಗಳ ಗುಂಪು

1841ರಲ್ಲಿ ಲಂಡನ್ನಿನಲ್ಲಿ ಶುರುವಾದ ಹಾಸ್ಯ ವಾರಪತ್ರಿಕೆ ಪಂಚ್, ಅಮೆರಿಕದಲ್ಲಿ ಥಾಮಸ್ ನ್ಯಾಸ್ಟ್ ಬರೆಯುತ್ತಿದ್ದ ಹಾರ್ಪರ್ಸ್ ವೀಕ್ಲಿ ಇವುಗಳ ಹಳೆಯ ಸಂಚಿಕೆಗಳನ್ನು ನೋಡುವಾಗ ಒಂದು ಎಚ್ಚರಿಕೆ ಇರಲಿ. ಅವು ಬಹುಪಾಲು ಮರದಚ್ಚುಗಳು. ಗೆರೆಯನ್ನು ಕೆತ್ತಿದ್ದು ಕೆತ್ತನೆಗಾರ. ಗೆರೆ ಕಲಿಯಲು ಅಲ್ಲಿಗೆ ಹೋದರೆ ನೀವು ಉಳಿಯ ನಡೆಯನ್ನು ಪೆನ್ನಿನಿಂದ ಅನುಕರಿಸುತ್ತ ಕೂರುತ್ತೀರಿ. ಸಂಕೇತ ಕಲಿಯಲು ಹೋಗಿ. ನ್ಯೂಯಾರ್ಕಿನ ಭ್ರಷ್ಟ ರಾಜಕಾರಣಿ ಟ್ವೀಡ್‌ನ ಕೊರಳ ಮೇಲೆ ತಲೆಯ ಬದಲು ಹಣದ ಚೀಲವನ್ನು ಕೂರಿಸಿದವನು ನ್ಯಾಸ್ಟ್. ಅಮೆರಿಕದ ರಿಪಬ್ಲಿಕನ್ ಪಕ್ಷಕ್ಕೆ ಇಂದಿಗೂ ಅಂಟಿಕೊಂಡಿರುವ ಆನೆ 1874ರಲ್ಲಿ ಅವನು ಬರೆದ ಚಿತ್ರದಿಂದ ಬಂದದ್ದು. ಒಂದು ಅಮೂರ್ತ ವಿಷಯಕ್ಕೆ ಕೈಕಾಲು ಕೊಡುವುದು ಹೇಗೆಂದು ತಿಳಿಯದ ಹೊಸ ಸಂಪಾದಕೀಯ ವ್ಯಂಗ್ಯಚಿತ್ರಕಾರರಿಗೆ ಇದಕ್ಕಿಂತ ನೇರ ಪಾಠವಿಲ್ಲ.

ಗೆರೆಗಾಗಿ ಜರ್ಮನಿಗೆ ಬನ್ನಿ. 1896ರಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾದ ಸಿಂಪ್ಲಿಸಿಸಿಮುಸ್ ಪತ್ರಿಕೆಯಲ್ಲಿ ಚಪ್ಪಟೆ ಬಣ್ಣ, ದೊಡ್ಡ ಖಾಲಿ ಜಾಗ, ಅಳೆದು ಎಳೆದ ಹೊರಗೆರೆ ಕಾಣುತ್ತವೆ. ಓಲಾಫ್ ಗುಲ್ಬ್ರಾನ್ಸನ್‌ನ ಕೆಲವು ಚಿತ್ರಗಳಲ್ಲಿ ಒಂದು ದಪ್ಪ ದೇಹ ಪೂರ್ತಿಯಾಗಿ ಒಂದೇ ತೆಳು ಗೆರೆಯಿಂದ ಎದ್ದು ನಿಲ್ಲುತ್ತದೆ. ಕಿಕ್ಕಿರಿದು ಬರೆಯುವವರಿಗೆ ಇದು ಔಷಧ. ನನಗೆ ನಿಜವಾಗಿ ಬೇಕಾಗಿದ್ದ ಗುರು ಸಿಕ್ಕಿದ್ದು ಇಲ್ಲಿ. ಹೈನ್‌ರಿಷ್ ಕ್ಲೈ ಎಂಬ ಇನ್ನೊಬ್ಬ ಚಿತ್ರಕಾರನ ಪೆನ್ನಿನ ಚಿತ್ರಗಳೂ ಈ ಪತ್ರಿಕೆಯಲ್ಲಿ ಬಂದವು. ಅವನ ಆನೆಗಳೂ ಮೊಸಳೆಗಳೂ ನರ್ತಿಸುತ್ತವೆ, ಜಾರುತ್ತವೆ. ವಾಲ್ಟ್ ಡಿಸ್ನಿ ಅವನ ಚಿತ್ರಗಳನ್ನು ಸಂಗ್ರಹಿಸಿದ್ದರು, 1940ರ ಫ್ಯಾಂಟೇಸಿಯಾದಲ್ಲಿ ಕುಣಿಯುವ ನೀರಾನೆ, ಮೊಸಳೆಗಳ ಹಿಂದೆ ಕ್ಲೈಯ ನೆರಳಿದೆ. ವ್ಯಂಗ್ಯಚಿತ್ರ ಮತ್ತು ಅನಿಮೇಷನ್ ಎರಡು ಬೇರೆ ಮನೆಗಳೆಂದು ಭಾವಿಸುವವರು ಈ ಎರಡನ್ನೂ ಒಟ್ಟಿಗಿಟ್ಟು ನೋಡಲಿ.

ಕುಂಚದ ಕಪ್ಪು ಕಲಿಯಬೇಕಾದರೆ ಬ್ರಿಟನ್ನಿನ ಪತ್ರಿಕೆಗಳಿಗೆ ಬರೆದ ವ್ಯಂಗ್ಯಚಿತ್ರಕಾರ ಡೇವಿಡ್ ಲೋ. ಸೆಪ್ಟೆಂಬರ್ 20, 1939ರ ಅವರ ಚಿತ್ರದಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಟೋಪಿ ತೆಗೆದು ಬಾಗಿ ಒಬ್ಬರನ್ನೊಬ್ಬರು ಗೌರವಿಸುತ್ತಾರೆ. ಇಬ್ಬರ ನಡುವೆ ನೆಲದ ಮೇಲೆ ಪೋಲೆಂಡ್ ಹೆಣವಾಗಿ ಬಿದ್ದಿದೆ. ಎರಡು ವಿನಯದ ಭಂಗಿಗಳು, ಒಂದು ಶವ. ಆ ಯುದ್ಧದ ಅರ್ಧ ರಾಜಕಾರಣ ಅಲ್ಲಿದೆ.

ಈ ಗುಂಪನ್ನು ಆರಿಸಿಕೊಳ್ಳುವವರು ಒಂದು ಕಹಿಗೂ ಸಿದ್ಧರಿರಬೇಕು. ಹಳೆಯ ವ್ಯಂಗ್ಯಚಿತ್ರಗಳಲ್ಲಿ ಜನಾಂಗದ್ವೇಷ ಧಾರಾಳವಾಗಿದೆ. ಭ್ರಷ್ಟರ ವಿರುದ್ಧ ಅಷ್ಟು ಧೈರ್ಯ ತೋರಿದ ನ್ಯಾಸ್ಟ್ ಐರಿಷ್ ವಲಸಿಗರನ್ನು ಕಪಿಗಳಂತೆ ಬರೆದ. ಅಮೆರಿಕದ ಹಳೆಯ ಅನಿಮೇಷನ್ನಿನಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಮುಖಗಳು ಎಷ್ಟಿದ್ದವೆಂದರೆ, ಒಂದು ಸ್ಟುಡಿಯೋದ ಹನ್ನೊಂದು ಕಿರುಚಿತ್ರಗಳನ್ನು 1968ರಲ್ಲಿ ಪ್ರಸಾರದಿಂದಲೇ ಹಿಂತೆಗೆಯಬೇಕಾಯಿತು. ಇವನ್ನು ಕಣ್ಣುಮುಚ್ಚಿ ದಾಟಬೇಡಿ. ಉತ್ಪ್ರೇಕ್ಷೆ ಒಬ್ಬ ವ್ಯಕ್ತಿಯ ನಡತೆಯಿಂದ ಹೊರಟಿದೆಯೋ, ಒಂದು ಇಡೀ ಜನರ ಮೇಲೆ ಹೊರಗಿನಿಂದ ಮೆತ್ತಿದ್ದೋ ಎಂದು ಪ್ರತಿ ಚಿತ್ರಕ್ಕೂ ಕೇಳಿ. ಎರಡನೆಯದಾದರೆ ಅಲ್ಲಿ ಕಲೆಯೂ ಸೋಮಾರಿಯಾಗಿರುವುದು ಕಾಣುತ್ತದೆ. ಎಲ್ಲರಿಗೂ ಒಂದೇ ಮುಖ. ಚಿಕ್ಕ ಮಕ್ಕಳಿಗೆ ಕಲಿಸುವವರು ಮೊದಲೇ ಆಯ್ದು ಇಟ್ಟುಕೊಳ್ಳುವುದು ಒಳ್ಳೆಯದು.

ಒಂಟಿ ಕೈಯ ಅನಿಮೇಷನ್

ಅನಿಮೇಷನ್ ಎಂದೊಡನೆ ಎಲ್ಲರೂ ದೊಡ್ಡ ಸ್ಟುಡಿಯೋಗಳಿಗೆ ಓಡುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಒಬ್ಬೊಬ್ಬರೇ ಕುಳಿತು ಬರೆದ ಚಿತ್ರಗಳನ್ನು ನೋಡಿ. ಎಮಿಲ್ ಕೋಲ್ ಸ್ವತಃ ವ್ಯಂಗ್ಯಚಿತ್ರಕಾರ, ಪ್ಯಾರಿಸ್ಸಿನ ಪ್ರಸಿದ್ಧ ವ್ಯಂಗ್ಯಚಿತ್ರಕಾರ ಆಂದ್ರೆ ಜಿಲ್‌ನ ಶಿಷ್ಯ. 1908ರ ಅವನ ಫ್ಯಾಂಟಾಸ್ಮಗೋರಿ ಎರಡು ನಿಮಿಷಕ್ಕಿಂತ ಕಡಿಮೆ, ಸುಮಾರು 700 ಚಿತ್ರಗಳು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆದು, ನೆಗೆಟಿವ್ ಮುದ್ರಿಸಿ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಂತೆ ಕಾಣಿಸಿದ್ದಾನೆ. ಒಂದು ವಸ್ತು ಇನ್ನೊಂದಾಗುತ್ತ ಹೋಗುತ್ತದೆ, ಹಿನ್ನೆಲೆಯೇ ಇಲ್ಲ. ಹಿನ್ನೆಲೆ ಬರೆಯಲು ಹೆದರಿ ಅನಿಮೇಷನ್ ಬೇಡವೆನ್ನುವವರು ಇದನ್ನು ನೋಡಬೇಕು.

ವಿನ್ಸರ್ ಮೆಕೇ ಪತ್ರಿಕೆಯ ಚಿತ್ರಕಾರ. 1914ರಲ್ಲಿ ಅವನು ಗರ್ಟಿ ಎಂಬ ಡೈನೋಸಾರನ್ನು ಸಾವಿರಾರು ಹಾಳೆಗಳಲ್ಲಿ ಬರೆದು ಬದುಕಿಸಿದ. ಪಾತ್ರವನ್ನು ಪಾರದರ್ಶಕ ಹಾಳೆಯಲ್ಲಿ ಬರೆದು ಒಂದೇ ಹಿನ್ನೆಲೆಯ ಮೇಲಿಡುವ ಸೆಲ್ಲುಲಾಯ್ಡ್ ವಿಧಾನ ಇನ್ನೂ ಬಳಕೆಗೆ ಬಂದಿರಲಿಲ್ಲ, ಹಾಗಾಗಿ ಪ್ರತಿ ಹಾಳೆಯಲ್ಲೂ ಹಿನ್ನೆಲೆಯನ್ನು ಸಹಾಯಕನೊಬ್ಬ ಮತ್ತೆ ಮತ್ತೆ ಬರೆಯಬೇಕಿತ್ತು. ಆ ಗೆರೆಗಳ ಸಣ್ಣ ನಡುಕ ತೆರೆಯ ಮೇಲೆ ಈಗಲೂ ಕಾಣುತ್ತದೆ. ಗರ್ಟಿ ಕಾಲೆತ್ತುವ ಮೊದಲು ದೇಹದ ಭಾರ ಇನ್ನೊಂದು ಬದಿಗೆ ಹೋಗುವುದನ್ನು ನೋಡಿ. ಭಾರವೆಂದರೇನು ಎಂಬುದಕ್ಕೆ ಇಷ್ಟು ಚೊಕ್ಕ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಪಾತ್ರ ಒಂದೇ, ಗೆರೆ ಸರಳ, ಮಾತಿಲ್ಲ. ದಿನಕ್ಕೆ ಅರ್ಧ ಗಂಟೆ ಮಾತ್ರ ಇರುವವರೂ ಇದನ್ನು ಅಭ್ಯಾಸ ಮಾಡಬಹುದು.

ಸ್ಟುಡಿಯೋಗಳ ಉಚ್ಛ್ರಾಯ ಕಾಲ

1928ರಿಂದ 1950ರ ದಶಕದವರೆಗಿನ ಅಮೆರಿಕದ ಸ್ಟುಡಿಯೋಗಳಲ್ಲಿ ಕೌಶಲವಿದೆ, ಆಸೆ ಹುಟ್ಟಿಸುವ ಸೊಗಸಿದೆ, ಅಪಾಯವೂ ಅಲ್ಲೇ ಇದೆ. ಡಿಸ್ನಿ ಸ್ಟುಡಿಯೋದಲ್ಲಿ 1932ರಿಂದ ಡಾನ್ ಗ್ರಹಾಂ ಎಂಬ ಶಿಕ್ಷಕರು ಚಿತ್ರಕಾರರಿಗೆ ಜೀವಂತ ಮಾದರಿಗಳನ್ನಿಟ್ಟು ಪಾಠ ಮಾಡುತ್ತಿದ್ದರು. ಆ ಶ್ರಮದ ಫಲ 1937ರ ಸ್ನೋ ವೈಟ್‌ನಲ್ಲಿದೆ. ಆದರೆ ಅದು ನೂರಾರು ಕೈಗಳ ಕೆಲಸ. ಒಬ್ಬರೇ ಕುಳಿತು ಅದನ್ನು ಗುರಿಯಾಗಿಟ್ಟುಕೊಂಡರೆ ಸೋಲು ಖಚಿತ, ಸೋತದ್ದು ನಿಮ್ಮ ತಪ್ಪೂ ಅಲ್ಲ. ಒಂದು ದೃಶ್ಯದ ಒಂದು ನಡಿಗೆ, ಒಂದು ತಿರುಗುವಿಕೆ, ಅಷ್ಟನ್ನೇ ತೆಗೆದುಕೊಳ್ಳಿ.

ಮ್ಯಾಕ್ಸ್ ಫ್ಲೈಶರ್‌ನ ದಾರಿ ಬೇರೆ. ನಟರನ್ನು ಚಿತ್ರೀಕರಿಸಿ ಫ್ರೇಮಿನ ಮೇಲೆ ಫ್ರೇಮು ಗೆರೆ ಎಳೆಯುವ ರೊಟೊಸ್ಕೋಪ್ ಯಂತ್ರಕ್ಕೆ ಅವನು 1917ರಲ್ಲಿ ಪೇಟೆಂಟ್ ಪಡೆದ. 1932ರ ಒಂದು ಕಿರುಚಿತ್ರದಲ್ಲಿ ಗಾಯಕ ಕ್ಯಾಬ್ ಕ್ಯಾಲೊವೇಯ ನೃತ್ಯವನ್ನು ಒಂದು ಭೂತದ ಮೈಗೆ ಹಾಕಿದ್ದಾರೆ. ದೇಹ ಅಸಾಧ್ಯ, ನಡೆ ನಿಜ. ಎರಡೂ ಕೂಡಿದಾಗ ಮೈ ಜುಮ್ಮೆನ್ನುತ್ತದೆ. ಮೊಬೈಲಿನಲ್ಲಿ ವಿಡಿಯೋ ತೆಗೆದು ಅದರ ಮೇಲೆ ಬರೆಯುವವರಿಗೆ ಈ ಚಿತ್ರ ಒಂದು ದಾರಿ ತೋರಿಸುತ್ತದೆ: ನಡೆಯನ್ನು ಇಟ್ಟುಕೊಂಡು ದೇಹವನ್ನು ಬದಲಿಸಿ. ಎರಡನ್ನೂ ಹಾಗೆಯೇ ನಕಲು ಮಾಡಿದರೆ ಸಿಗುವುದು ಪೇಲವ ಫೋಟೋ ಮಾತ್ರ.

ಈ ಕಾಲದ ಚಿತ್ರಗಳನ್ನು ಅಭ್ಯಾಸ ಮಾಡುವವರು ಒಂದೊಂದೇ ಫ್ರೇಮು ಸರಿಸಿ ನೋಡಲು ಕಲಿಯಲೇಬೇಕು. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀಲಿ ಒತ್ತಿದರೆ ಒಂದು ಫ್ರೇಮು ಮುಂದೆ ಹೋಗುತ್ತದೆ. ಹಲವು ಕಡೆ ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿರುವುದು ಕಾಣುತ್ತದೆ, ಅಂದರೆ ಸೆಕೆಂಡಿಗೆ ಹನ್ನೆರಡೇ ಚಿತ್ರ. ವೇಗದ ಹೊಡೆತದಲ್ಲಿ ಒಂದೇ ಫ್ರೇಮಿನ ಮಟ್ಟಿಗೆ ಕೈ ಬಾಳೆ ಎಲೆಯಂತೆ ಹರಡಿಕೊಂಡಿರುತ್ತದೆ, ಇಲ್ಲವೆ ಒಬ್ಬನಿಗೆ ಐದಾರು ತಲೆಗಳಿರುತ್ತವೆ. ಕಣ್ಣಿಗೆ ಬೀಳದ ಆ ವಿಕಾರ ಚಿತ್ರವೇ ವೇಗವನ್ನು ನಂಬಿಸುತ್ತದೆ. ಇತ್ತೀಚೆಗೆ ಹಳೆಯ ಚಿತ್ರಗಳನ್ನು ಯಂತ್ರದಿಂದ ‘ನಯಗೊಳಿಸಿ’ ಸೆಕೆಂಡಿಗೆ 60 ಫ್ರೇಮು ಮಾಡಿದ ಪ್ರತಿಗಳು ಎಲ್ಲೆಡೆ ಹರಡಿವೆ. ಅವನ್ನು ಅಭ್ಯಾಸಕ್ಕೆ ಬಳಸಲೇಬೇಡಿ. ಯಾವ ಕಲಾವಿದನೂ ಬರೆಯದ ಫ್ರೇಮುಗಳು ಅಲ್ಲಿ ತುಂಬಿಕೊಂಡಿರುತ್ತವೆ.

ಕಡಿಮೆ ಚಲನೆ, ಹೆಚ್ಚು ಯೋಚನೆ

ಒಬ್ಬರೇ ಕೆಲಸ ಮಾಡುವವರಿಗೆ, ಸಮಯವೂ ಹಣವೂ ಕಡಿಮೆ ಇರುವವರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಈ ಗುಂಪನ್ನು. 1941ರಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಮುಷ್ಕರ ನಡೆಯಿತು. ಅಲ್ಲಿಂದ ಹೊರಬಂದ ಕೆಲವು ಕಲಾವಿದರು ಕಟ್ಟಿದ ಅನಿಮೇಷನ್ ಸಂಸ್ಥೆ ಯುಪಿಎ (ಯುನೈಟೆಡ್ ಪ್ರೊಡಕ್ಷನ್ಸ್ ಆಫ್ ಅಮೆರಿಕ). ಅವರ 1950ರ ಕಿರುಚಿತ್ರ ಜೆರಾಲ್ಡ್ ಮೆಕ್‌ಬೋಯಿಂಗ್ ಬೋಯಿಂಗ್‌ನಲ್ಲಿ ಗೋಡೆಗಳಿಲ್ಲ, ನೆಲವಿಲ್ಲ. ಬಣ್ಣದ ಹರವಿನ ಮೇಲೆ ಒಂದು ಕುರ್ಚಿ, ಒಂದು ದೀಪ. ಕಥೆಯ ಹುಡುಗ ಜೆರಾಲ್ಡನ ಮನಸ್ಸು ಕುಗ್ಗಿದಂತೆ ಬಣ್ಣವೂ ಕುಗ್ಗುತ್ತದೆ. ಯುಗೊಸ್ಲಾವಿಯದ ಝಾಗ್ರೆಬ್‌ನಲ್ಲಿ ದುಶಾನ್ ವುಕೋಟಿಚ್ 1961ರಲ್ಲಿ ಮಾಡಿದ ಸುರೊಗಾಟ್‌ನಲ್ಲಿ ಒಬ್ಬ ಮನುಷ್ಯ ಸಮುದ್ರತೀರಕ್ಕೆ ಬಂದು ತನಗೆ ಬೇಕಾದುದನ್ನೆಲ್ಲ ಗಾಳಿ ಊದಿ ಉಬ್ಬಿಸಿಕೊಳ್ಳುತ್ತಾನೆ. ತ್ರಿಕೋನ, ಚೌಕಗಳಲ್ಲೇ ಇಡೀ ಕಥೆ. ಅಮೆರಿಕದ ಹೊರಗೆ ತಯಾರಾಗಿ ಆಸ್ಕರ್ ಪಡೆದ ಮೊದಲ ಅನಿಮೇಷನ್ ಕಿರುಚಿತ್ರ ಅದು. ಹೊಗಾರ್ತನ ಬೀದಿಗೂ ಈ ತೀರಕ್ಕೂ ವ್ಯಂಗ್ಯದಲ್ಲಿ ನೇರ ನಂಟಿದೆ, ಗೆರೆಗಳ ಸಂಖ್ಯೆಯಲ್ಲಿ ಮಾತ್ರ ಅಜಗಜಾಂತರ.

ಹಾಗೆಂದು ಇದು ಸುಲಭದ ದಾರಿಯಲ್ಲ. ಚಲನೆ ಕಡಿಮೆಯಾದಷ್ಟೂ ಪ್ರತಿ ಭಂಗಿಯ ಮೇಲೂ ಭಾರ ಹೆಚ್ಚು. ಭಂಗಿ ದುರ್ಬಲವಾಗಿದ್ದರೆ ಮರೆಸಲು ಏನೂ ಇರುವುದಿಲ್ಲ. ದೇಹದ ರಚನೆ ಇನ್ನೂ ಕೈಗೆ ಬಂದಿಲ್ಲದವರು ಇಲ್ಲಿಂದ ತೊಡಗಿದರೆ ಅದನ್ನು ಕಲಿಯುವ ಅವಕಾಶವೇ ತಪ್ಪಿಹೋಗುತ್ತದೆ.

ಬರೆಯುವ ಕೈಗೆ ಬೇಸರ ಬಂದಿದ್ದರೆ ಕತ್ತರಿ ಹಿಡಿಯಿರಿ. ಲೊಟ್ಟೆ ರೈನಿಗರ್ ಕಪ್ಪು ಹಾಳೆ ಕತ್ತರಿಸಿದ ನೆರಳುಗೊಂಬೆಗಳಿಂದ 1926ರಲ್ಲಿ ಒಂದು ಗಂಟೆಗೂ ಮೀರಿದ ಚಿತ್ರ ಮಾಡಿದರು. ಮುಖಭಾವವೇ ಇಲ್ಲದ ಹೊರ ಆಕೃತಿ ಎಷ್ಟು ಹೇಳಬಲ್ಲದೆಂದು ಅವರಿಂದ ಕಲಿಯಬೇಕು. ರಷ್ಯದ ಯೂರಿ ನೊರ್ಷ್ಟೈನ್ 1975ರ ತನ್ನ ಮುಳ್ಳುಹಂದಿಯ ಚಿತ್ರದಲ್ಲಿ ಮಂಜನ್ನು ಬರೆಯಲೇ ಇಲ್ಲ. ಗೊಂಬೆಗಳ ಮೇಲೆ ತೀರ ತೆಳುವಾದ ಕಾಗದವಿಟ್ಟು ಅದನ್ನು ಮೆಲ್ಲಗೆ ಕ್ಯಾಮೆರಾದತ್ತ ಎತ್ತಿದ. ಕಾಗದ ಮೇಲೇರಿದಂತೆ ಮುಳ್ಳುಹಂದಿ ಮಂಜಿನಲ್ಲಿ ಕರಗುತ್ತದೆ. ಕೆನಡಾದಲ್ಲಿ ನಾರ್ಮನ್ ಮೆಕ್‌ಲಾರೆನ್ ಕ್ಯಾಮೆರಾವನ್ನೂ ಬಿಟ್ಟು ಫಿಲ್ಮಿನ ಮೇಲೆಯೇ ಬಣ್ಣ ಬಳಿದರು. ಇವರೆಲ್ಲರ ಶೈಲಿ ನಿಮಗೆ ಅಂಟಿಕೊಳ್ಳುವ ಭಯ ಕಡಿಮೆ, ಏಕೆಂದರೆ ಇಲ್ಲಿ ಕಲಿಯುವುದು ಶೈಲಿಯನ್ನಲ್ಲ, ಉಪಾಯವನ್ನು.

ಹಣ, ಸಮಯ ಮತ್ತು ನಿಮ್ಮ ಅಗತ್ಯ

ಹಣವೇ ಇಲ್ಲದಿದ್ದರೂ ಅಭ್ಯಾಸ ನಿಲ್ಲಬೇಕಾಗಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇವುಗಳ ಜಾಲತಾಣಗಳಲ್ಲಿ ಹೊಗಾರ್ತ್, ಗಿಲ್‌ರೇ, ದೋಮಿಯೆಯ ಅಚ್ಚುಗಳನ್ನು ದೊಡ್ಡದಾಗಿ ನೋಡಬಹುದು. ಮೆಕ್‌ಲಾರೆನ್‌ನ ಹಲವು ಚಿತ್ರಗಳನ್ನು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಉಚಿತವಾಗಿ ತೋರಿಸುತ್ತದೆ. ಸ್ವಲ್ಪ ಹಣವಿದ್ದರೆ ಹತ್ತು ಸಣ್ಣ ಪುಸ್ತಕಗಳಿಗಿಂತ ಒಬ್ಬನೇ ಕಲಾವಿದನ, ದೊಡ್ಡ ಅಳತೆಯ, ಚೆನ್ನಾಗಿ ಅಚ್ಚಾದ ಒಂದು ಪುಸ್ತಕ ಮೇಲು. ಅನಿಮೇಷನ್ ಆರಿಸಿಕೊಂಡವರು ಆ ಹಣವನ್ನು ಮೂಲ ಫಿಲ್ಮಿನಿಂದ ಶುದ್ಧವಾಗಿ ತೆಗೆದ ಡಿಸ್ಕ್‌ಗಳಿಗೆ ಇಡಬಹುದು. ಇನ್ನೂ ಹೆಚ್ಚು ಸಾಧ್ಯವಿರುವವರು ಒಂದು ನಿಜವಾದ ಅಚ್ಚನ್ನು ಕೈಯಲ್ಲಿ ಹಿಡಿದು ನೋಡಲಿ. ದೋಮಿಯೆಯ ಚಿತ್ರಗಳು ದಿನಪತ್ರಿಕೆಯಲ್ಲಿ ಸಾವಿರಗಟ್ಟಲೆ ಅಚ್ಚಾದವು, ಹಿಂಬದಿಯಲ್ಲಿ ಪತ್ರಿಕೆಯ ಅಕ್ಷರಗಳಿರುವ ಅಂಥ ಹಾಳೆಗಳು ಇಂದಿಗೂ ಮಾರಾಟಕ್ಕೆ ಬರುತ್ತವೆ. ಲಂಡನ್ನಿಗೆ ಹೋಗುವ ಸಂದರ್ಭ ಬಂದರೆ ಬ್ರಿಟಿಷ್ ಮ್ಯೂಸಿಯಂನ ಅಚ್ಚುಚಿತ್ರಗಳ ಕೋಣೆಯಲ್ಲಿ ಮುಂಚಿತವಾಗಿ ಸಮಯ ಪಡೆದು ಮೂಲಗಳನ್ನೇ ನೋಡಬಹುದು.

ಅಗತ್ಯದ ಲೆಕ್ಕದಲ್ಲಿ ಹೇಳುವುದಾದರೆ, ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯಬೇಕೆನ್ನುವವರು ನ್ಯಾಸ್ಟ್‌ನಿಂದ ಸಂಕೇತವನ್ನೂ ಡೇವಿಡ್ ಲೋ ಅವರಿಂದ ಕಪ್ಪುಬಿಳುಪನ್ನೂ ತೆಗೆದುಕೊಳ್ಳಲಿ. ಮಕ್ಕಳ ಪುಸ್ತಕದ ಚಿತ್ರಕಾರರಿಗೆ ಕ್ಲೈ ಮತ್ತು ಮೆಕೇ ಜೋಡಿ ಹೊಂದುತ್ತದೆ, ಪ್ರಾಣಿಗಳ ಭಾರ ಮತ್ತು ತುಂಟತನ ಎರಡೂ ಅಲ್ಲಿವೆ. ಒಂದೇ ಕಂಪ್ಯೂಟರಿನಲ್ಲಿ ತಾವೇ ಕಿರುಚಿತ್ರ ಮಾಡಬಯಸುವವರು ಯುಪಿಎ, ಝಾಗ್ರೆಬ್‌ಗಳನ್ನು ಮೊದಲು ನೋಡಲಿ, ಸ್ನೋ ವೈಟ್ ಆಮೇಲೆ ಬರಲಿ. ಮುಖಗಳಲ್ಲಿ ಸೋಲುತ್ತಿರುವವರು ಬೇರೇನನ್ನೂ ಮುಟ್ಟದೆ ಆರು ತಿಂಗಳು ದೋಮಿಯೆಯ ಬಳಿ ಇರಲಿ.

ಇಷ್ಟಾದರೂ ಮುದ್ರಿತ ಚಿತ್ರವೋ, ಚಲಿಸುವ ಚಿತ್ರವೋ ಎಂದು ತೀರ್ಮಾನವಾಗದಿದ್ದರೆ ಫಿಲಿಪೋನ್‌ನ ಪೇರು ಹಣ್ಣಿಗೆ ಮರಳಿ. ಅವನ ನಾಲ್ಕು ಚಿತ್ರಗಳನ್ನು ನಾಲ್ಕು ತೆಳು ಹಾಳೆಗಳಲ್ಲಿ ಒಂದೇ ಅಳತೆಯಲ್ಲಿ ನಕಲು ಮಾಡಿಕೊಳ್ಳಿ. ಮೊದಲ ದಿನ, ಆ ನಾಲ್ಕರಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಅದರಲ್ಲೇ ದೊರೆಯೂ ಹಣ್ಣೂ ಒಟ್ಟಿಗೆ ಕಾಣುವಂತೆ ಹತ್ತು ಸಲ ಹೊಸದಾಗಿ ಬರೆಯಿರಿ. ಎರಡನೆಯ ದಿನ, ನಾಲ್ಕು ಚಿತ್ರಗಳ ನಡುವಿನ ಮೂರು ಸಂದುಗಳಲ್ಲಿ ಮೂರು ಮೂರರಂತೆ ಒಂಬತ್ತು ಹೊಸ ಚಿತ್ರ ಬರೆದು, ಹದಿಮೂರನ್ನೂ ಒತ್ತಟ್ಟಿಗೆ ಹಿಡಿದು ಹೆಬ್ಬೆರಳಿನಿಂದ ಸರಸರನೆ ತಿರುವಿ ನೋಡಿ. ಯಾವ ದಿನ ನಿಮಗೆ ಗಡಿಯಾರ ನೋಡುವುದು ಮರೆತುಹೋಯಿತು, ಯಾವ ದಿನ ಹಾಳೆಯ ಮೇಲೆ ಅಳಿಸಿದ ಗುರುತುಗಳು ಹೆಚ್ಚಾಗಿ ಉಳಿದವು ಎಂಬುದನ್ನು ಬರೆದಿಟ್ಟುಕೊಳ್ಳಿ. ಅಳಿಸಿದ್ದು ಹೆಚ್ಚಾದ ದಿನದ ಕೆಲಸವನ್ನು ಮುಂದಿನ ಮೂರು ತಿಂಗಳ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಮೊದಲ ದಿನದ್ದಾದರೆ ದೋಮಿಯೆಯಿಂದ ಶುರುಮಾಡಿ, ಎರಡನೆಯ ದಿನದ್ದಾದರೆ ಗರ್ಟಿಯಿಂದ.